ಗಡಿ ದಾಟದ ಕಾರ್ಡು

ಬೀದರದಿಂದ ಹೈದರಾಬಾದ್ ಸುಮಾರು 140 ಕಿಲೋಮೀಟರ್, ಬೆಂಗಳೂರು ಸುಮಾರು 700. ಎದೆನೋವು ಬಂದವರು ಯಾವ ಕಡೆ ಹೊರಡುತ್ತಾರೆ ಎಂದು ಕೇಳಬೇಕಾಗಿಲ್ಲ. 2019ರಲ್ಲಿ ನಮ್ಮ ದೊಡ್ಡವ್ವನನ್ನೂ ಹೈದರಾಬಾದಿನ ಒಂದು ಖಾಸಗಿ ಆಸ್ಪತ್ರೆಗೆ ಕರೆತಂದರು. ನಾನು ಇದೇ ಊರಿನಲ್ಲಿದ್ದೇನಲ್ಲ ಎಂಬ ಧೈರ್ಯ ಬೇರೆ. ಕೌಂಟರಿನ ಹುಡುಗ ಕರ್ನಾಟಕದ ಬಿಪಿಎಲ್ ಕಾರ್ಡನ್ನು ತಿರುಗಿಸಿ ನೋಡಿ, 'ಇದರ್ ನೈ ಚಲ್ತಾ ಅಮ್ಮಾ' ಎಂದ. ದೊಡ್ಡವ್ವನಿಗೆ ದಖನಿ ನನಗಿಂತ ಚೆನ್ನಾಗಿ ಬರುತ್ತದೆ. ಮಾತು ಅರ್ಥವಾಯಿತು, ಕಾರಣ ಆಗಲಿಲ್ಲ.

ಕಾರಣ ಹಳೆಯದು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡತೊಡಗಿದಾಗ ಕಲಬುರಗಿ, ರಾಯಚೂರು, ಬೀದರದವರಿಗೆ ಹೈದರಾಬಾದೇ ರಾಜಧಾನಿ. 1908ರ ಮೂಸಿ ಪ್ರವಾಹ ಅಫ್ಜಲ್‌ಗಂಜಿನ ಆಸ್ಪತ್ರೆಯನ್ನು ಹಾಳುಗೆಡವಿದ ಮೇಲೆ ಏಳನೆಯ ನಿಜಾಮರ ಕಾಲದಲ್ಲಿ ಎದ್ದ ಗುಮ್ಮಟಗಳ ಉಸ್ಮಾನಿಯಾ ಆಸ್ಪತ್ರೆ ಅವರಿಗೂ ದೊಡ್ಡ ದವಾಖಾನಿಯೇ. 1956ರ ನವೆಂಬರ್ 1ರಂದು ಈ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಭಾಷೆಯ ಲೆಕ್ಕದಲ್ಲಿ ಅದು ಸರಿಯಾದ ಗೆರೆ. ಭಾಷಾವಿಜ್ಞಾನ ಓದಿದ ನಾನು ತಕರಾರು ತೆಗೆಯಲಾರೆ. ಆದರೆ ರೈಲು ಹಳೆಯ ದಾರಿಯಲ್ಲೇ ಓಡಿತು, ರೋಗಿಗಳೂ ಅದರಲ್ಲೇ ಬಂದರು.

ಕೌಂಟರಿನಲ್ಲಿ ಆ ಗೆರೆ ಮೂಡಿದ್ದು 2007ರ ಏಪ್ರಿಲ್ 1ರಿಂದ. ವೈ.ಎಸ್. ರಾಜಶೇಖರ ರೆಡ್ಡಿ ಸರ್ಕಾರ ಮೆಹಬೂಬ್‌ನಗರ, ಅನಂತಪುರ, ಶ್ರೀಕಾಕುಳಂ ಜಿಲ್ಲೆಗಳಲ್ಲಿ ಆರೋಗ್ಯಶ್ರೀ ಆರಂಭಿಸಿತು. ಬಿಳಿ ರೇಷನ್ ಕಾರ್ಡಿನ ಕುಟುಂಬಕ್ಕೆ ಹೃದಯ, ಕ್ಯಾನ್ಸರ್‌ನಂಥ ದೊಡ್ಡ ಕಾಯಿಲೆಗಳಿಗೆ ವರ್ಷಕ್ಕೆ ಒಂದೂವರೆ ಲಕ್ಷ, ಸಾಲದಿದ್ದರೆ ಇನ್ನೂ 50 ಸಾವಿರ. ವಿಮೆಯ ಕಂತು ಸರ್ಕಾರದ್ದು. ಆಸ್ಪತ್ರೆಯ ಒಳಗೇ ಆರೋಗ್ಯಮಿತ್ರರ ಮೇಜು. ಕಾಗದ ಓದಲು ಬಾರದವರಿಗೆ ದಾರಿ ತೋರಿಸುವ ಆ ಮೇಜೇ ಯೋಜನೆಯ ಜಾಣತನ ಎಂದು ನನಗನಿಸುತ್ತದೆ. ಆಪರೇಷನ್ನಿಗೆ ಲಕ್ಷ, ದಿನದ ಬಿಪಿ ಗುಳಿಗೆಗೆ ಸೊನ್ನೆ ಎಂಬ ಟೀಕೆಯೂ ಸರಿಯೇ. ಮೆಹಬೂಬ್‌ನಗರ ಆಗ ರಾಯಚೂರಿಗೆ ತಾಗಿಕೊಂಡಿದ್ದ ಜಿಲ್ಲೆ. ಕೃಷ್ಣೆಯ ಒಂದು ದಡದವರಿಗೆ ಬಿಳಿ ಕಾರ್ಡು, ಇನ್ನೊಂದು ದಡದವರಿಗೆ ಹೊಲದ ಮೇಲಿನ ಸಾಲ.

ಕರ್ನಾಟಕ ಸುಮ್ಮನಿರಲಿಲ್ಲ. ಸಹಕಾರ ಸಂಘಗಳ ಸದಸ್ಯರಿಗೆ ವರ್ಷಕ್ಕೆ 60 ರೂಪಾಯಿಯ ಯಶಸ್ವಿನಿ 2003ರಲ್ಲೇ ಜಾರಿಗೆ ಬಂದಿತ್ತು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಮೊದಲು ಶುರುವಾದದ್ದು ಗುಲ್ಬರ್ಗ ವಿಭಾಗದಲ್ಲಿ. ಹೆಸರೂ ಮೊತ್ತವೂ ನೆರೆಮನೆಯದರಂತೆಯೇ. 2018ರ ಸೆಪ್ಟೆಂಬರಿನಲ್ಲಿ ಆಯುಷ್ಮಾನ್ ಭಾರತ್ ಬಂತು: ಕುಟುಂಬಕ್ಕೆ 5 ಲಕ್ಷದವರೆಗೆ, ಯೋಜನೆಗೆ ಸೇರಿದ ಯಾವ ರಾಜ್ಯದಲ್ಲಾದರೂ ಚಿಕಿತ್ಸೆ. ಕರ್ನಾಟಕ ತನ್ನ ಆರೋಗ್ಯ ಕರ್ನಾಟಕವನ್ನು ಅದರೊಂದಿಗೆ ಜೋಡಿಸಿತು. ಆರೋಗ್ಯಶ್ರೀಯೇ ಸಾಕೆಂದು ತೆಲಂಗಾಣ ಹೊರಗುಳಿಯಿತು. ಅಂದರೆ ಬೀದರದ ಕಾರ್ಡು ಸೊಲ್ಲಾಪುರದ ಕಡೆ ಹೊರಳಬಹುದಿತ್ತು, ಅಜ್ಜ-ಮುತ್ತಜ್ಜರ ಕಾಲದಿಂದ ಹೋಗುತ್ತಿದ್ದ ಊರಿನ ಕಡೆ ಅಲ್ಲ. ಕೌಂಟರಿನ ಹುಡುಗ ಮೂರೇ ಮಾತಿನಲ್ಲಿ ಹೇಳಿದ್ದು ಇಷ್ಟನ್ನು.

ತೆಲಂಗಾಣ ಸಹಿ ಹಾಕಿದ್ದು 2021ರ ಮೇ ತಿಂಗಳಲ್ಲಿ. ದೊಡ್ಡವ್ವನ ಸ್ಟೆಂಟಿಗೆ ಮಾಡಿದ ಸಾಲ ಆಗಿನ್ನೂ ತೀರಿರಲಿಲ್ಲ.

ಈಗ ಊರಿಂದ ಯಾರಾದರೂ ಫೋನ್ ಮಾಡಿ 'ನಮ್ಮ ಕಾರ್ಡ್ ಅಲ್ಲಿ ನಡೀತದೇನು?' ಎಂದರೆ ಹೌದು ಎಂದು ಬಿಡುವುದಿಲ್ಲ. ಆಸ್ಪತ್ರೆ ಪಟ್ಟಿಯಲ್ಲಿದೆಯೇ, ಈ ಚಿಕಿತ್ಸೆಗೆ ಅಲ್ಲಿ ಒಪ್ಪಿಗೆ ಇದೆಯೇ ಕೇಳಿ. ತುರ್ತಿಲ್ಲದಿದ್ದರೆ ಜಿಲ್ಲಾಸ್ಪತ್ರೆಯ ರೆಫರಲ್ ಚೀಟಿ ತನ್ನಿ. ದಾಖಲಾಗುವ ಮೊದಲೇ ಆರೋಗ್ಯಮಿತ್ರರ ಮೇಜಿಗೆ ಹೋಗಿ, ಎನ್ನುತ್ತೇನೆ. 'ತುರ್ತಿದ್ರ?' ಎಂದು ಕೇಳುತ್ತಾರೆ. ಮೊದಲು ಗಾಡಿ ಹತ್ತಿ, ಕಾರ್ಡು ಕೈಯಲ್ಲೇ ಇರಲಿ ಎನ್ನುತ್ತೇನೆ.