ಕೈಜೋಡಣೆಯಲ್ಲಿ ನಮ್ಯತೆ

ಕಾರ್ಖಾನೆಯಲ್ಲಿ ಕೈಯಿಂದ ನಡೆಯುವ ಜೋಡಣೆ ಕೆಲಸವನ್ನು, ಮಾದರಿ ಮತ್ತು ಬೇಡಿಕೆ ಬದಲಾದಂತೆ ಬೇಗ ಹೊಂದಿಸಿಕೊಳ್ಳುವಂತೆ ಏರ್ಪಡಿಸುವ ಕ್ರಮ. 1913ರಲ್ಲಿ ಫೋರ್ಡ್ ಕಂಪನಿಯ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆ ಅಳವಡಿಸಿದ ಚಲಿಸುವ ಸಾಲು ಒಂದೇ ಬಗೆಯ ಕಾರನ್ನು ಲಕ್ಷಗಟ್ಟಲೆ ತಯಾರಿಸಲು ಹೇಳಿ ಮಾಡಿಸಿದಂತಿತ್ತು. ಮಾದರಿಗಳು ಹೆಚ್ಚಿದಾಗ ತೊಡಕು ಕಂಡಿತು: ಒಂದು ಕಡೆ ಕೆಲಸ ತಡವಾದರೆ ಇಡೀ ಸಾಲು ಕಾಯಬೇಕು.

ಇದಕ್ಕೆ ಅತ್ಯಂತ ಧೈರ್ಯದ ಉತ್ತರ ಸ್ವೀಡನ್ನಿನ ವೋಲ್ವೊ ಕಂಪನಿಯದು. 1974ರ ಕಾಲ್ಮಾರ್ ಕಾರ್ಖಾನೆಯಲ್ಲಿ ಸ್ವಯಂಚಾಲಿತ ಗಾಡಿಗಳು ಕಾರುಗಳನ್ನು ತಂಡದಿಂದ ತಂಡಕ್ಕೆ ಒಯ್ದವು. 1989ರಲ್ಲಿ ಉದ್ಘಾಟನೆಯಾದ ಉದ್ದೆವಲ್ಲಾದಲ್ಲಂತೂ ಸಾಲೇ ಇರಲಿಲ್ಲ. ಸಣ್ಣ ತಂಡಗಳು ನಿಂತಲ್ಲೇ ಇಡೀ ಕಾರನ್ನು ಜೋಡಿಸುತ್ತಿದ್ದವು. ಪ್ರತಿ ಕಾರಿನ ಬಿಡಿಭಾಗಗಳನ್ನು ಉಗ್ರಾಣದಲ್ಲೇ ಆರಿಸಿ ಕಿಟ್ ಮಾಡಿ ಕಳಿಸುತ್ತಿದ್ದರು. ಕಿಟ್‌ನಲ್ಲಿ ಭಾಗಗಳನ್ನು ಇಟ್ಟ ಕ್ರಮವೇ ಕೆಲಸಗಾರರಿಗೆ ಮುಂದಿನ ಹೆಜ್ಜೆ ತೋರಿಸುತ್ತಿತ್ತು. ಬಾಡಿಯನ್ನು ಪಕ್ಕಕ್ಕೆ ವಾಲಿಸುವ ಸಾಧನವಿದ್ದುದರಿಂದ ಅಡಿಭಾಗದ ಕೆಲಸಕ್ಕೆ ಕತ್ತು ಮೇಲೆತ್ತಿ ದುಡಿಯುವ ಕಷ್ಟ ತಪ್ಪಿತು. ಕಾರ್ಖಾನೆ 1993ರಲ್ಲಿ ಮುಚ್ಚಿತು. ಆಗ ಮಾರಾಟವೇ ಕುಸಿದಿತ್ತು. ಹಾಗಾಗಿ ಪದ್ಧತಿ ಸೋತಿತೆಂದು ತೀರ್ಪು ಕೊಡುವುದು ಅವಸರದ ಮಾತು.

1990ರ ದಶಕದಲ್ಲಿ ಜಪಾನಿನ ಸೋನಿ, ಕ್ಯಾನನ್ ಕಂಪನಿಗಳು ಕನ್ವೇಯರ್‌ಗಳನ್ನು ಕಿತ್ತು ‘ಸೆರು’ ಘಟಕಗಳನ್ನು ತಂದವು. ಇಲ್ಲಿ ಒಬ್ಬರು ಅಥವಾ ಕೆಲವೇ ಜನ ವಸ್ತುವಿನ ಬಹುಪಾಲು ಜೋಡಣೆಯನ್ನು ಮುಗಿಸುತ್ತಾರೆ. ಬೇಡಿಕೆ ಏರಿದರೆ ಘಟಕ ಸೇರಿಸಿದರಾಯಿತು, ಇಳಿದರೆ ತೆಗೆದರಾಯಿತು. ಆದರೆ ಪ್ರತಿ ಘಟಕಕ್ಕೂ ಬೇರೆ ಉಪಕರಣ ಬೇಕು, ತರಬೇತಿಯೂ ದೀರ್ಘ. ಈಗ ಯಾವ ಡಬ್ಬಿಯಿಂದ ಭಾಗ ಎತ್ತಬೇಕೆಂದು ತೋರಿಸುವ ದೀಪಗಳು, ತಿರುಪಿನ ಬಿಗಿತ ಅಳೆಯುವ ಸ್ಕ್ರೂಡ್ರೈವರ್‌ಗಳು ಕಲಿಕೆಯ ಹೊರೆಯನ್ನು ಸ್ವಲ್ಪ ತಗ್ಗಿಸಿವೆ.