ಬೊಮ್ಮನಹಳ್ಳಿಯ ಕಿಂದರಿಜೋಗಿ

ಬೊಮ್ಮನಹಳ್ಳಿಯ ಕಿಂದರಿಜೋಗಿ ಕುವೆಂಪು ಅವರು ಮಕ್ಕಳಿಗಾಗಿ ರಚಿಸಿದ ಕಥನಕವನ. ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗನ 'ದಿ ಪೈಡ್ ಪೈಪರ್ ಆಫ್ ಹ್ಯಾಮೆಲಿನ್' (1842) ಇದಕ್ಕೆ ಆಧಾರ. ಆದರೂ ಇದನ್ನು ಅನುವಾದವೆನ್ನುವುದಕ್ಕಿಂತ ಮರುಸೃಷ್ಟಿಯೆನ್ನುವುದೇ ಸರಿ.

ಹಿನ್ನೆಲೆ

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಪುಟ್ಟಪ್ಪನವರು (1904–1994) ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಇಂಗ್ಲಿಷಿನಲ್ಲಿಯೇ ಕವಿತೆ ಬರೆಯುತ್ತಿದ್ದರು. 1922ರಲ್ಲಿ 'ಬಿಗಿನರ್ಸ್ ಮ್ಯೂಸ್' ಎಂಬ ಅವರ ಇಂಗ್ಲಿಷ್ ಸಂಕಲನವೂ ಅಚ್ಚಾಯಿತು. ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತಮ್ಮ ರಚನೆಗಳನ್ನು ತೋರಿಸಿದಾಗ, ತಾಯ್ನುಡಿಯಲ್ಲಿ ಬರೆಯಬಾರದೇಕೆ ಎಂಬ ಪ್ರಶ್ನೆ ಎದುರಾಯಿತು. ಹೊಸ ಭಾವಗಳನ್ನು ಹೊರುವ ಶಕ್ತಿ ಕನ್ನಡಕ್ಕಿಲ್ಲವೆಂದು ಆಗ ನಂಬಿದ್ದ ತರುಣನಿಗೆ ಈ ಮಾತು ಕೂಡಲೇ ರುಚಿಸಲಿಲ್ಲ. ಆದರೆ ಬರೆಯತೊಡಗಿದ ಮೇಲೆ ಅವರು ಹಿಂದಿರುಗಿ ನೋಡಲಿಲ್ಲ. 1924ರ 'ಅಮಲನ ಕಥೆ' ಆ ತಿರುವಿನ ಆರಂಭದ ಫಲ. ಇಂಗ್ಲಿಷ್ ಪ್ರೀತಿಯನ್ನು ಬಿಡದೆಯೇ ಅದನ್ನು ಕನ್ನಡದ ಮಣ್ಣಿಗೆ ತಂದದ್ದಕ್ಕೆ ಕಿಂದರಿಜೋಗಿಯೇ ಸೊಗಸಾದ ನಿದರ್ಶನ.

ಕಥಾವಸ್ತು

ಇಲಿಗಳ ಕಾಟದಿಂದ ಕಂಗೆಟ್ಟ ಊರಿಗೆ ಜೋಗಿಯೊಬ್ಬ ಬರುತ್ತಾನೆ. ಹಣ ಕೊಡುವುದಾಗಿ ಗೌಡ ಮಾತು ಕೊಡುತ್ತಾನೆ. ಕಿಂದರಿಯ ನಾದಕ್ಕೆ ಮರುಳಾದ ಇಲಿಗಳೆಲ್ಲ ಹೊಳೆಯ ಪಾಲಾಗುತ್ತವೆ. ಕೆಲಸ ಮುಗಿದೊಡನೆ ಗೌಡ ಮಾತಿಗೆ ತಪ್ಪುತ್ತಾನೆ. ಜೋಗಿ ಮತ್ತೆ ಕಿಂದರಿ ನುಡಿಸುತ್ತಾನೆ. ಈ ಬಾರಿ ಅವನನ್ನು ಹಿಂಬಾಲಿಸುವವರು ಊರಿನ ಮಕ್ಕಳು. ತಪ್ಪು ಹಿರಿಯರದು, ಅದರ ಬೆಲೆ ತೆರುವವರು ಕಿರಿಯರು. ಮಕ್ಕಳ ಪದ್ಯವೆಂದು ಹಗುರವಾಗಿ ಓದತೊಡಗಿದವರನ್ನು ಇಲ್ಲಿ ಕವಿ ತಡೆದು ನಿಲ್ಲಿಸುತ್ತಾರೆ.

ಮೂಲ ಮತ್ತು ರೂಪಾಂತರ

ಜರ್ಮನಿಯ ಹ್ಯಾಮೆಲಿನ್ ಪಟ್ಟಣದ ಐತಿಹ್ಯದಂತೆ ಮಕ್ಕಳು ಕಣ್ಮರೆಯಾದದ್ದು 1284ರಲ್ಲಿ. ನಟ ಮೆಕ್ರೆಡಿಯ ಮಗ ಕಾಯಿಲೆ ಮಲಗಿದ್ದಾಗ ಅವನು ಚಿತ್ರ ಬಿಡಿಸಲೆಂದು ಬ್ರೌನಿಂಗ್ ಈ ಕಥೆಯನ್ನು ಪದ್ಯವಾಗಿಸಿದ. ಅವನಲ್ಲಿ ವೀಸರ್ ನದಿಯಿದ್ದರೆ ಕುವೆಂಪು ಅವರಲ್ಲಿ ತುಂಗೆಯಿದೆ. ಅದೇ ತುಂಗೆ ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿ ಹೊನ್ನಾಳಿಯ ಮುಂದೆ ಹರಿಯುವುದರಿಂದ, ಈ ಭಾಗದ ಮಕ್ಕಳಿಗೆ ಇಲಿಗಳು ಮುಳುಗಿದ ಹೊಳೆ ಯಾವುದೆಂದು ವಿವರಿಸಬೇಕಾಗಿಲ್ಲ. ನಗರಸಭೆಯ ಮೇಯರ್ ಇಲ್ಲಿ ಗೌಡನಾಗಿದ್ದಾನೆ. ಬಣ್ಣದಂಗಿಯ ಕೊಳಲುಗಾರ, ತಂತಿವಾದ್ಯ ಹಿಡಿದು ಊರೂರು ಅಲೆಯುವ ಜೋಗಿಯಾಗಿದ್ದಾನೆ. ಕಿನ್ನರಿ ಜೋಗಿಗಳು ಕರ್ನಾಟಕದ ಜನಪದಕ್ಕೆ ಪರಿಚಿತರಾದ್ದರಿಂದ ಈ ಬದಲಾವಣೆ ಹೊರಗಿನಿಂದ ತಂದು ಅಂಟಿಸಿದಂತೆ ತೋರುವುದಿಲ್ಲ.

ಶೈಲಿ

ಬಗೆಬಗೆಯ ಇಲಿಗಳು ಸಾಲುಗಟ್ಟಿ ಹೊರಡುವ ಭಾಗ ಬಹು ಜನಪ್ರಿಯ. ಹೆಸರುಗಳ ಮೇಲೆ ಹೆಸರು ಬಂದು ಬೀಳುವ ಆ ಓಟ ಕಣ್ಣಿಗಿಂತ ಕಿವಿಗೆ ಮೀಸಲು. ಗಟ್ಟಿಯಾಗಿ ಓದಿದರೇ ಅದರ ಸ್ವಾರಸ್ಯ. ಪದ್ಯವೆಂದರೆ ಮುಖ ತಿರುಗಿಸುವ ಹುಡುಗರೂ ಆ ಪಟ್ಟಿಯನ್ನು ಮಾತ್ರ ಯಾರೂ ಹೇಳದೆಯೇ ಬಾಯಿಪಾಠ ಮಾಡಿಕೊಳ್ಳುವುದುಂಟು. ಕವನವು ನಾಟಕರೂಪದಲ್ಲಿ ಮಕ್ಕಳ ರಂಗಭೂಮಿಗೂ ಬಂದಿದೆ.