ಅನುಭವದಿಂದ ವೃತ್ತಿಗೆ: ಸಮಾನಾನುಭವಿ ಕಾರ್ಯಕರ್ತರ ತರಬೇತಿಯ ಜರ್ಮನ್ ಮಾದರಿ

ಮಾನಸಿಕ ಕಾಯಿಲೆಯನ್ನು ಸ್ವತಃ ಅನುಭವಿಸಿ, ಚೇತರಿಕೆಯ ಹಾದಿಯಲ್ಲಿ ಒಂದಷ್ಟು ದೂರ ಸಾಗಿ, ಆ ಅನುಭವದ ಬಲದಿಂದಲೇ ಅಂಥದೇ ಸಂಕಟದಲ್ಲಿರುವ ಇತರರಿಗೆ ಆಸರೆಯಾಗುವ ಕೆಲಸಕ್ಕೆ ನೇಮಕಗೊಂಡವರನ್ನು ‘ಪಿಯರ್ ಸಪೋರ್ಟ್ ವರ್ಕರ್’ ಎನ್ನುತ್ತಾರೆ. ಈ ಲೇಖನದಲ್ಲಿ ಅವರನ್ನು ಸಮಾನಾನುಭವಿ ಕಾರ್ಯಕರ್ತರೆಂದು ಕರೆಯಲಾಗಿದೆ. ಇಂಥವರನ್ನು ಆಸ್ಪತ್ರೆಯ ಕೆಲಸದಲ್ಲಿ ತೊಡಗಿಸುವುದು ಹೊಸ ಸಂಗತಿಯಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಪ್ಯಾರಿಸಿನ ಬಿಸೆತ್ರ್ ಆಸ್ಪತ್ರೆಯ ಮೇಲ್ವಿಚಾರಕನಾಗಿದ್ದ ಪ್ಯುಸ್ಯಾಂ, ಗುಣಮುಖರಾದ ರೋಗಿಗಳು ಹೆಚ್ಚು ಸೌಮ್ಯರೂ ಮಾನವೀಯರೂ ಆಗಿರುತ್ತಾರೆಂಬ ಕಾರಣಕ್ಕೆ ಅವರನ್ನೇ ಪರಿಚಾರಕರನ್ನಾಗಿ ಆರಿಸಿಕೊಳ್ಳುತ್ತಿದ್ದನು. ಆದರೆ ಕಾಯಿಲೆಯ ಅನುಭವವೇ ತಾನಾಗಿ ಅರ್ಹತೆಯಾಗುತ್ತದೆಯೇ, ಅದನ್ನು ಕಲಿಕೆಯ ಮೂಲಕ ಹದಗೊಳಿಸಬೇಕೇ ಎಂಬ ಪ್ರಶ್ನೆ ಗಂಭೀರವಾಗಿ ಎದ್ದದ್ದು ಬಹಳ ತಡವಾಗಿ.

ಈ ಪ್ರಶ್ನೆಗೆ ಜರ್ಮನಿಯಲ್ಲಿ ದೊರೆತ ಉತ್ತರದ ಹಿಂದೆ ಒಂದು ಕರಾಳ ಇತಿಹಾಸವಿದೆ. ಶಿಲ್ಪಿ ಡೊರೊಟೆಯಾ ಬುಕ್ (1917–2019) ಅವರನ್ನು 1936ರಲ್ಲಿ, ಅವರಿಗೆ ಹತ್ತೊಂಬತ್ತು ವಯಸ್ಸಾಗಿದ್ದಾಗ, ನಾಜಿ ಆಡಳಿತದ ಕಾನೂನಿನನ್ವಯ ಬೇಥೆಲ್ ಸಂಸ್ಥೆಯಲ್ಲಿ ಬಲವಂತವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಳಪಡಿಸಲಾಯಿತು; ಅದು ಎಂಥ ಶಸ್ತ್ರಚಿಕಿತ್ಸೆಯೆಂದೂ ಅವರಿಗೆ ತಿಳಿಸಿರಲಿಲ್ಲ. ಅಲ್ಲಿ ರೋಗಿಗಳೊಡನೆ ಯಾರೂ ಮಾತನಾಡುತ್ತಲೇ ಇರಲಿಲ್ಲ ಎಂಬುದು ಬುಕ್ ಅವರ ಜೀವನದುದ್ದದ ಆಕ್ಷೇಪವಾಗಿತ್ತು. 1989ರಲ್ಲಿ ಅವರು ಮನಶ್ಶಾಸ್ತ್ರಜ್ಞ ಥಾಮಸ್ ಬಾಕ್ ಅವರೊಂದಿಗೆ ಹ್ಯಾಂಬರ್ಗಿನಲ್ಲಿ ಆರಂಭಿಸಿದ ಮನೋವಿಕೃತಿ ಗೋಷ್ಠಿಯಲ್ಲಿ ರೋಗ ಕಂಡವರು, ಅವರ ಮನೆಯವರು ಮತ್ತು ವೃತ್ತಿಪರರು ಸಮಾನ ನೆಲೆಯಲ್ಲಿ ಕುಳಿತು, ಚಿಕಿತ್ಸೆಯ ಉದ್ದೇಶವನ್ನೇ ಬದಿಗಿಟ್ಟು, ಪರಸ್ಪರರಿಂದ ಅರಿಯುವ ಸಂವಾದ ನಡೆಸಿದರು. ಈ ತ್ರಿಮುಖ ಸಂವಾದಕ್ಕೆ ‘ಟ್ರಯಲಾಗ್’ ಎಂಬ ಹೆಸರು ಬಂತು.

ಯುರೋಪಿನ ಆರು ದೇಶಗಳ ಸಂಸ್ಥೆಗಳು ಯುರೋಪಿಯನ್ ಒಕ್ಕೂಟದ ನೆರವಿನಿಂದ 2005ರಿಂದ 2007ರವರೆಗೆ ರೂಪಿಸಿದ ‘ಎಕ್ಸ್-ಇನ್’ ತರಬೇತಿಯಲ್ಲಿ ಈ ಟ್ರಯಲಾಗ್ ಒಂದು ಪಾಠಘಟಕವೇ ಆಯಿತು. ಹೆಚ್ಚುಕಡಿಮೆ ಒಂದು ವರ್ಷದ ಈ ಕೋರ್ಸಿನಲ್ಲಿ ಚೇತರಿಕೆ, ಹಕ್ಕುಗಳ ಪರ ವಾದ, ಆಪ್ತಸಲಹೆ, ಬಿಕ್ಕಟ್ಟಿನಲ್ಲಿ ನೆರವು ಮುಂತಾದ ಘಟಕಗಳೂ ಸೇವಾಕೇಂದ್ರಗಳಲ್ಲಿ ಪ್ರಾಯೋಗಿಕ ತರಬೇತಿಯೂ ಸೇರಿವೆ. ಆದರೆ ಇದರ ತಿರುಳಿರುವುದು ಪಾಠಪಟ್ಟಿಯಲ್ಲಿ ಅಲ್ಲ. ಒಬ್ಬರ ಖಾಸಗಿ ಅನುಭವವನ್ನು ಹಲವರ ಅನುಭವಗಳ ಜೊತೆಗಿಟ್ಟು ನೋಡಿ, ‘ನನ್ನ’ ಅರಿವನ್ನು ‘ನಮ್ಮ’ ಅರಿವಾಗಿ ಮಾರ್ಪಡಿಸುವ ಕ್ರಮದಲ್ಲಿ. ಕಿವಿಯಲ್ಲಿ ದನಿಗಳು ಕೇಳಿಸುತ್ತಿದ್ದ ಒಬ್ಬರಿಗೆ ಔಷಧಿಯಿಂದಲೇ ನೆಮ್ಮದಿ ದೊರೆತಿರಬಹುದು. ಅದೇ ಗುಂಪಿನ ಇನ್ನೊಬ್ಬರಿಗೆ ಔಷಧಿಯ ಅಡ್ಡಪರಿಣಾಮಗಳೇ ದೊಡ್ಡ ಕಷ್ಟವಾಗಿ, ದನಿಗಳೊಂದಿಗೆ ಬಾಳುವ ಬಗೆ ಹೊಳೆದಿರಬಹುದು. ಇವರಿಬ್ಬರಲ್ಲಿ ಯಾರೇ ಆಗಲಿ ತಮ್ಮ ದಾರಿಯನ್ನೇ ಎಲ್ಲರ ದಾರಿಯೆಂದು ಬೋಧಿಸತೊಡಗಿದರೆ, ಬಿಳಿ ಕೋಟು ಇಲ್ಲದ ಮತ್ತೊಬ್ಬ ಅಧಿಕಾರಿಯಾಗುತ್ತಾರೆಯೇ ಹೊರತು ಆಸರೆಯಾಗುವುದಿಲ್ಲ. ತಮ್ಮ ಕಥೆಯಲ್ಲಿ ಎಷ್ಟನ್ನು, ಯಾವಾಗ, ಯಾರ ಹಿತಕ್ಕಾಗಿ ಹೇಳಬೇಕು ಎಂಬ ವಿವೇಕ ಹಲವು ತಿಂಗಳ ಗುಂಪು ಕಲಿಕೆಯಿಂದ ಬರುವಂಥದು. ಎರಡು ದಿನಗಳ ಕಾರ್ಯಾಗಾರದಿಂದ ಬರುವಂಥದಲ್ಲ.

ಈ ಕೆಲಸದ ಫಲವನ್ನು ಅಳೆಯುವ ಸಂಶೋಧನೆಗಳ ತೀರ್ಮಾನ ಒಂದೇ ತೆರನಾಗಿಲ್ಲ. ಇಂಗ್ಲೆಂಡಿನ ಆರು ತುರ್ತು ಮಾನಸಿಕ ಆರೈಕೆ ತಂಡಗಳಲ್ಲಿ ನಡೆದು 2018ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗವು ಹೆಚ್ಚು ಸ್ಪಷ್ಟವಾದುದು. ಅಲ್ಲಿ ಒಂದು ಗುಂಪಿಗೆ ಚೇತರಿಕೆಯ ಕೈಪಿಡಿಯ ಜೊತೆಗೆ ಸಮಾನಾನುಭವಿ ಕಾರ್ಯಕರ್ತರೊಡನೆ ಹತ್ತು ಭೇಟಿಗಳ ಅವಕಾಶ ನೀಡಲಾಯಿತು. ಇನ್ನೊಂದು ಗುಂಪಿಗೆ ಅದೇ ಕೈಪಿಡಿಯನ್ನು ಅಂಚೆಯಲ್ಲಿ ಕಳುಹಿಸಲಾಯಿತು. ಒಂದು ವರ್ಷದೊಳಗೆ ಮತ್ತೆ ತೀವ್ರ ಆರೈಕೆಗೆ ದಾಖಲಾದವರು ಮೊದಲ ಗುಂಪಿನಲ್ಲಿ ಶೇ. 29, ಎರಡನೆಯದರಲ್ಲಿ ಶೇ. 38. ಕೈಪಿಡಿ ಎರಡೂ ಗುಂಪಿಗೆ ದೊರೆತಿದ್ದುದರಿಂದ, ಈ ಅಂತರವು ಜೊತೆಗೆ ಕುಳಿತು ಮಾತನಾಡಿದವರಿಂದ ಉಂಟಾದದ್ದೆಂದು ಭಾವಿಸಲು ಅವಕಾಶವಿದೆ.

ಭಾರತದಲ್ಲಿ ಗುಜರಾತಿನ ಸರ್ಕಾರಿ ಮಾನಸಿಕ ಆರೋಗ್ಯ ಕೇಂದ್ರಗಳಲ್ಲಿ 2014ರಿಂದ ನಡೆದ ‘ಕ್ವಾಲಿಟಿರೈಟ್ಸ್’ ಯೋಜನೆಯಲ್ಲಿ ಸಮಾನಾನುಭವಿ ಸ್ವಯಂಸೇವಕರನ್ನು ತೊಡಗಿಸಿಕೊಳ್ಳಲಾಯಿತು. 2018ರಲ್ಲಿ ಆರಂಭವಾದ ‘ಅಪ್‌ಸೈಡ್ಸ್’ ಎಂಬ ಬಹುರಾಷ್ಟ್ರೀಯ ಯೋಜನೆಯು ಉಲ್ಮ್, ಹ್ಯಾಂಬರ್ಗ್, ಕಂಪಾಲಾ, ದಾರ್ ಎಸ್ ಸಲಾಮ್ ಮತ್ತು ಬೀರ್‌ಶೇವಾ ನಗರಗಳ ಸಂಸ್ಥೆಗಳೊಂದಿಗೆ ಪುಣೆಯ ಒಂದು ಸಂಸ್ಥೆಯನ್ನೂ ಬೆಸೆಯಿತು. ಬೆಂಗಳೂರಿನ ನಿಮ್ಹಾನ್ಸ್ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆ, ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಆ ಹೊತ್ತಿನಲ್ಲಿ ಮಾನಸಿಕ ಕಾಯಿಲೆಯಿತ್ತೆಂದೂ ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯಿಂದ ದೂರವಿದ್ದರೆಂದೂ ತೋರಿಸಿರುವಾಗ, ಈ ಕಾರ್ಯಕರ್ತರನ್ನು ತಜ್ಞರ ಕೊರತೆಗೆ ಅಗ್ಗದ ಪರಿಹಾರವೆಂದು ಬಗೆಯುವ ಆಸೆ ಸಹಜ. ಆದರೆ ಅವರು ವೈದ್ಯರ ಬದಲಿಗಲ್ಲ, ವೈದ್ಯರು ಕೊಡಲಾಗದ್ದನ್ನು ಕೊಡುವವರು. ಆ ಕೆಲಸ ವೃತ್ತಿಯಾಗಿ ನೆಲೆಗೊಳ್ಳಲು ತರಬೇತಿಯ ಜೊತೆಗೆ ಹಣದ ಏರ್ಪಾಡೂ ಕಾನೂನಿನ ಮಾನ್ಯತೆಯೂ ಬೇಕು. ಅಮೆರಿಕದ ಜಾರ್ಜಿಯಾ ರಾಜ್ಯ 1999ರಲ್ಲಿಯೇ, ಬಡವರ ವೈದ್ಯಕೀಯ ವೆಚ್ಚ ಭರಿಸುವ ‘ಮೆಡಿಕೇಡ್’ ಯೋಜನೆಯಿಂದ ಈ ಸೇವೆಗೆ ಹಣ ಸಂದಾಯವಾಗುವ ಏರ್ಪಾಡು ಮಾಡಿಕೊಂಡ ಮೇಲೆ, ತರಬೇತಿ ಪಡೆದವರಿಗೆ ಅಲ್ಲಿ ಹುದ್ದೆಗಳು ಹುಟ್ಟಿದವು. ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಪುನರ್ವಿಮರ್ಶಾ ಮಂಡಳಿಗಳ ಎರಡು ಸ್ಥಾನಗಳಿಗೆ ಕಾಯಿಲೆಯುಳ್ಳವರನ್ನೂ ಆರೈಕೆ ಮಾಡುವವರನ್ನೂ ಪರಿಗಣಿಸುತ್ತದೆ. ಆದರೆ ರಾಜ್ಯ ಪ್ರಾಧಿಕಾರವು ವೃತ್ತಿಪರರೆಂದು ನೋಂದಾಯಿಸಿಕೊಳ್ಳಬೇಕೆಂದು ಅದರ 55ನೆಯ ಕಲಂ ಹೆಸರಿಸುವವರು ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಮಾನಸಿಕ ಆರೋಗ್ಯ ಶುಶ್ರೂಷಕರು ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಮಾತ್ರ; ಸಮಾನಾನುಭವಿ ಕಾರ್ಯಕರ್ತರು ಆ ಪಟ್ಟಿಯಲ್ಲಿಲ್ಲ.